ಮರಳಲ್ಲಿ ಒಣಗಿದ ಪ್ಯಾನ್ಸಿ

ಎಸ್ಕಿಲ್,

ನೀನು ತೀರಿಹೋದ ಮೇಲೂ ನಾನು ಪೆನ್ನು ಮಾಡೋದು ಬಿಟ್ಟಿಲ್ಲ ಕಣೋ. ಹೋದ ವಾರ ಇಂಗೆಬೋರ್ಗ್ ಅನ್ನೋಳು ಬಂದಿದ್ದಳು. ನೀನು ಸಂತೆ ಸಂತೆ ಅಂತ ಓಡುತ್ತಿದ್ದ ಆರ್‌ಹುಸ್ ಊರಿನವಳೇ. ಒಣಗಿದ ಪ್ಯಾನ್ಸಿ ಹೂ ಕೊಟ್ಟು, ಗಾಜಿನ ಹಾಗೆ ಗಟ್ಟಿಯಾಗೋ ರೆಸಿನ್ ಅಂಟಿನಲ್ಲಿ ಕೂರಿಸಿ ಪೆನ್ನು ಮಾಡಿಕೊಡಿ ಅಂದಳು. ಬಣ್ಣ ಒಂಚೂರೂ ಮಾಸಿರಲಿಲ್ಲ. ದಳಗಳ ಸಂದಿಯಲ್ಲಿ ಕಡಲ ಮರಳಿತ್ತು. ಬಿಸಿ ಮರಳಲ್ಲಿ ಬೋರಲು ಹಾಕಿ ಒಣಗಿಸೋದು ನಿನ್ನ ಗುಟ್ಟು. ಹೆಂಡತಿ ಅಂತ ನನಗೊಬ್ಬಳಿಗೇ ಹೇಳಿಕೊಟ್ಟಿದ್ದು ಅಂತ ನೀನೇ ಹೇಳುತ್ತಿದ್ದೆ.

"ಯಾರಮ್ಮ ಒಣಗಿಸಿದ್ದು?" ಅಂದೆ.

"ಗೊತ್ತಿರೋರು ಒಬ್ರು. ಈಗಿಲ್ಲ."

ಒಂದು ದಳವೂ ಮುಕ್ಕಾಗದ ಹಾಗೆ ಎರಕ ಹೊಯ್ದೆ. ಗಾಜಿನಂತೆ ಹೊಳೆಯೋವರೆಗೂ ಉಜ್ಜಿದೆ.

ಇವತ್ತು ಬಂದಳು. ಬರೆದು ನೋಡಲಿ ಅಂತ ಕಾಗದ ಮುಂದಿಟ್ಟೆ. ಹೊಸ ಪೆನ್ನು ಹಿಡಿದವರೆಲ್ಲ ಮೊದಲು ಮನಸ್ಸಿನಲ್ಲಿರೋ ಒಂದು ಹೆಸರು ಬರೆಯುತ್ತಾರೆ, ನಿನಗೇ ಗೊತ್ತಲ್ಲ. ಅವಳು ನನ್ನ ಮುಖ ನೋಡಿದಳು. ಆಮೇಲೆ ಯಾವ ಹೆಸರೂ ಬರೆಯದೆ ಬರೀ ಸೊನ್ನೆ ಸುತ್ತಿದಳು.