ಚಂಪಾಳ ಎರಡನೆಯ ಬಾಣಂತನ

ಅತ್ತೆಯವರೇ,

ನೀವು ಹೋಗಿ ವರ್ಷವಾಗುತ್ತ ಬಂತು. ನಿಮ್ಮನ್ನು ಒಂದು ಮಾತು ಕೇಳಬೇಕಾಗಿದೆ. ಉತ್ತರ ಬರುವುದಿಲ್ಲ ಎಂದು ಗೊತ್ತು, ಆದರೂ ಕೇಳದೆ ಇರಲಾರೆ. ಈ ತಿಂಗಳೆಲ್ಲ ನಾನೂ ನಿಮ್ಮ ಮಗನೂ ಅದನ್ನೇ ಯೋಚಿಸಿ ತಲೆ ಕೆಡಿಸಿಕೊಂಡು ಕೂತಿದ್ದೇವೆ.

ಚಂಪಾ ಹೆತ್ತ ದಿನ ನೆನಪಿದೆಯೇ? ನಿಮ್ಮ ಮಗ ಚಂಪಾಳನ್ನು, ಈ ಗ್ರೇಟ್ ಡೇನ್ ನಾಯಿಮರಿಯನ್ನು, ತಾರ್ನಾಕದ ಮನೆಗೆ ತಂದಾಗ, ಮಡಿಯಲ್ಲಿ ಅಡುಗೆ ಮಾಡುವ ನೀವು, ನಾಯಿ ಒಳಗೆ ಬಂದರೆ ಭಾಲ್ಕಿಗೆ ಹೊರಟುಹೋಗುತ್ತೇನೆ ಎಂದಿದ್ದಿರಿ. ಅದು ಕರುವಿನಷ್ಟು ಬೆಳೆಯಿತು, ನೀವು ಹೋಗಲಿಲ್ಲ. ಹೆತ್ತ ದಿನ ಚಂಪಾ ತನಗೇ ತಿಳಿಯದೆ ಒಂದು ಮರಿಯ ಮೇಲೆ ಒರಗಿಬಿಟ್ಟಳು. ಅಷ್ಟು ದೊಡ್ಡ ಮೈ, ಅದರ ಕೆಳಗೆ ಅಂಗೈಯಗಲದ ಜೀವ. ಅದರ ಕೀರಲು ದನಿ ಅಡುಗೆಮನೆಯಲ್ಲಿದ್ದ ನಿಮಗೆ ಕೇಳಿಸಿತು. ಬಂದವರೇ ಸೆರಗು ಸಿಕ್ಕಿಸಿಕೊಂಡು ತಾಯಿಯನ್ನು ಸರಿಸಿ, ಮರಿಯನ್ನು ಎತ್ತಿಕೊಂಡಿರಿ. ಮರಿಗಳು ತಾವೇ ತಪ್ಪಿಸಿಕೊಳ್ಳುವಷ್ಟು ಬಲಿಯುವ ತನಕ ನೀವು ಅವುಗಳ ಪಕ್ಕ ಬಿಟ್ಟು ಏಳಲಿಲ್ಲ. ಅಡುಗೆ ನನ್ನ ಪಾಲಿಗೆ ಬಂತು. ಮಡಿ ಎಲ್ಲಿ ಹೋಯಿತೋ…

ಮರಿ ಕೇಳಿಕೊಂಡು ಬಂದವರನ್ನು ನೀವು ಹೆಣ್ಣು ಕೊಡುವವರ ಹಾಗೆ ಕೂಡಿಸಿಕೊಂಡು ವಿಚಾರಿಸುತ್ತಿದ್ದಿರಿ. ಹಿಮಾಯತ್‌ನಗರದ ಬಟ್ಟೆ ವ್ಯಾಪಾರಿಯದು ಮೂರನೇ ಮಹಡಿಯ ಮನೆ, ಲಿಫ್ಟ್ ಇಲ್ಲ. "ಇದು ನಾಳೆ ಕುದರಿಯಷ್ಟ ಆಗತೈತ್ರಿ. ಕಾಲ ಸೋತ ದಿನ ಯಾರು ಹೊತ್ಕೊಂಡ ಇಳಸವ್ರು?" ಎಂದು ಕೇಳಿ, ಚಹಾ ಕೊಟ್ಟು ಕಳಿಸಿದಿರಿ. ಬೇಗಂಪೇಟೆಯ ನರಸಿಂಗರಾವ್ ಅವರಿಗೆ ಮಾತ್ರ ತಟ್ಟನೆ ಒಪ್ಪಿದಿರಿ. ರೈಲ್ವೆಯಿಂದ ನಿವೃತ್ತರಾದವರು, ಹೆಂಡತಿ ತೀರಿಕೊಂಡು ಒಬ್ಬರೇ ಇದ್ದವರು. ಅವರು ಬಂದವರೇ ಮರಿಗಳ ನಡುವೆ ನೆಲದ ಮೇಲೆ ಕೂತುಬಿಟ್ಟರು, ಅಷ್ಟೇ.

ಹೋದ ತಿಂಗಳು ಅದೇ ನರಸಿಂಗರಾವ್ ನಮ್ಮ ಮನೆಗೆ ಬಂದರು. ಅವರು ಭೀಮ ಎಂದು ಹೆಸರಿಟ್ಟು ಸಾಕಿದ್ದ ಆ ಮರಿ ಬೆಳಿಗ್ಗೆ ತಿರುಗಾಡಲು ಹೋದಾಗ ನಡೆಯುತ್ತಲೇ ಕುಸಿದುಬಿದ್ದು ಸತ್ತಿತ್ತು. ಇನ್ನೂ ಮೂರು ವರ್ಷ ತುಂಬಿರಲಿಲ್ಲ. ಹೃದಯ ಹಿಗ್ಗಿ ಸೋತುಹೋಗಿತ್ತು, ಇಂಥ ದೊಡ್ಡ ಜಾತಿಗಳಲ್ಲಿ ಇದು ರಕ್ತದಲ್ಲೇ ಬರುವುದುಂಟು ಎಂದು ಡಾಕ್ಟರು ಹೇಳಿದರಂತೆ. ಈಗ ನಮ್ಮನ್ನು ಬೈಯುತ್ತಾರೆ ಎಂದುಕೊಂಡೆ. ಅವರು ತೆಲುಗಿನಲ್ಲಿ ತಡೆತಡೆದು ಇನ್ನೊಂದು ಮರಿ ಕೇಳಿದರು. ಇದೇ ತಾಯಿಯದೇ ಬೇಕು ಎಂದರು. ಇದಕ್ಕೆ ಏನು ಹೇಳಬೇಕು, ನೀವೇ ಹೇಳಿ.

ಅವರು ಹೋದ ಮೇಲೆ ನಿಮ್ಮ ಮಗ, ಇನ್ನೊಂದು ಸಲ ಮರಿ ಹಾಕಿಸೋಣ ಎಂದರು. ನಾನು ಬೇಡ ಎಂದೆ. ಅವ್ವನೇ ಹೇಳಿ ಹೋಗಿದ್ದಾಳೆ ಎಂದರು. ಆಸ್ಪತ್ರೆಯಲ್ಲಿ ನೀವು ಅವರ ಕೈ ಹಿಡಿದು, "ಚಂಪಾಗ ಇನ್ನೊಂದ ಬಾಣಂತನ ಆಗ್ಲಿ, ಮನಿ ತುಂಬ ಮರಿ ಓಡಾಡ್ಲಿ" ಎಂದಿರಂತೆ. ಅದೇ ಹಾಸಿಗೆಯ ಮೇಲೆ, ನಾನು ನಿಮ್ಮ ತಲೆ ಬಾಚುತ್ತಿದ್ದಾಗ, ನೀವು ನನಗೆ ಹೇಳಿದ್ದೇ ಬೇರೆ: "ಸುಮಾ, ಆಕಿಗೆ ಇನ್ನ ಸಾಕು. ಮತ್ತೊಮ್ಮೆ ಬ್ಯಾಡ." ನನಗೆ ಹೇಳಿದ್ದನ್ನು ನಿಮ್ಮ ಮಗ ನಂಬಲಿಲ್ಲ, ಅವರಿಗೆ ಹೇಳಿದ್ದನ್ನು ನಾನು ನಂಬಲಿಲ್ಲ. ಒಬ್ಬರಿಗೊಬ್ಬರು ಮಾತು ಬಿಟ್ಟೆವು. ಇವೆರಡರಲ್ಲಿ ನಿಮ್ಮ ಮಾತು ಯಾವುದು?

ಕೊನೆಗೆ ಚಂಪಾಳ ಹೃದಯದ ಸ್ಕ್ಯಾನ್ ಮಾಡಿಸಿದೆವು. ಮೊದಲ ಸಲ ಮರಿ ಹಾಕಿಸುವ ಮುಂಚೆ ಸೊಂಟದ ಕೀಲಿನ ಎಕ್ಸ್‌ರೇ ತೆಗೆಸಿದ್ದೆವಲ್ಲ, ಆಗ ಹೃದಯವನ್ನೂ ನೋಡಿಸಬೇಕೆಂದು ನಮಗೆ ಯಾರೂ ಹೇಳಿರಲಿಲ್ಲ. ಡಾಕ್ಟರಮ್ಮ ಪರದೆಯನ್ನು ನಮ್ಮ ಕಡೆ ತಿರುಗಿಸಿ ತೋರಿಸಿದರು. ಹಿಗ್ಗುವುದು ಶುರುವಾಗಿದೆಯಂತೆ. ಮಾತ್ರೆ ಕೊಟ್ಟರೆ ಇನ್ನೂ ಕೆಲಕಾಲ ಚೆನ್ನಾಗಿಯೇ ಇರುತ್ತಾಳೆ, ಆದರೆ ಮರಿ ಬೇಡವೇ ಬೇಡ, ಬೆದೆಗೆ ಬಂದಾಗ ಗಂಡಿನಿಂದ ದೂರ ಇಡಿ ಎಂದರು. ಹೆರಿಗೆಯನ್ನು ಅವಳು ತಾಳಲಾರಳು, ಹುಟ್ಟುವ ಮರಿಗಳಿಗೂ ಇದೇ ರೋಗ ಬರಬಹುದು. ಚಂಪಾ ಆ ಮೇಜಿನ ಮೇಲೆ ಬಾಲ ಬಡಿಯುತ್ತ ಮಲಗಿದ್ದಳು. ನೋಡಿದರೆ ರೋಗವಿದೆಯೆಂದು ಯಾರು ಹೇಳಬೇಕು?

ಮನೆಗೆ ಬಂದ ಮೇಲೆ ನಿಮ್ಮ ಮಗ ಕಾರಿನಿಂದ ಇಳಿಯಲೇ ಇಲ್ಲ. "ಆವತ್ತ ನಾ ಅಳಾಕತ್ತಿದ್ದೆ," ಎಂದರು. "ಅದಕ್ಕ ಅವ್ವ ಹಂಗ ಅಂದ್ಲೇನೋ." ಇರಬಹುದು. ಹಾಗಾದರೆ ನನಗೆ ಹೇಳಿದ್ದು ನಿಜವೇ? ಅಥವಾ ನಾನು ಆಸ್ಪತ್ರೆ, ಮನೆ, ಕಚೇರಿ ಎಂದು ದಣಿದಿದ್ದನ್ನು ಕಂಡು ನನಗೆ ಹಿತವಾಗುವುದನ್ನು ನನಗೆ ಹೇಳಿದಿರೋ… ಮಧ್ಯಾಹ್ನ ಚಂಪಾಳ ಎದೆಗೆ ತಲೆಯೊರಗಿಸಿ ಮಲಗುತ್ತಿದ್ದವರು ನೀವು. ನಿಮಗೆ ಮೊದಲೇ ಏನಾದರೂ ಗೊತ್ತಾಗಿತ್ತೇ?

ಬೇಗಂಪೇಟೆಗೆ ಹೋಗಿ, ಮರಿ ಕೊಡಲಾಗುವುದಿಲ್ಲ ಎಂದು ನರಸಿಂಗರಾವ್ ಅವರಿಗೆ ಹೇಳಿಬಂದೆವು. ಅವರು, ಚಂಪಾಳನ್ನು ಆಗಾಗ ನೋಡಿಕೊಂಡು ಹೋಗಲೇ ಎಂದರು. ಈಗ ಪ್ರತಿ ಭಾನುವಾರ ಬರುತ್ತಾರೆ. ನಿಮ್ಮ ಮಗನೂ ಅವರೂ ಅವಳನ್ನು ನಡುವೆ ಕೂಡಿಸಿಕೊಂಡು ಕೂರುತ್ತಾರೆ.

ನೀವು ಮರಿ ಕೊಟ್ಟ ಉಳಿದ ಮನೆಗಳಿಗೆಲ್ಲ ನಾನು ಫೋನ್ ಮಾಡುತ್ತಿದ್ದೇನೆ, ನಿಮ್ಮ ನಾಯಿಯ ಹೃದಯ ನೋಡಿಸಿ ಎಂದು. ಒಬ್ಬರು ರೇಗಿ ಫೋನ್ ಇಟ್ಟರು. ಉಪ್ಪಲ್‌ನಲ್ಲಿರುವ ನಮ್ಮ ಕಲಬುರ್ಗಿ ಕಡೆಯ ಟೀಚರಮ್ಮ ಮಾತ್ರ ಪೂರ್ತಿ ಕೇಳಿದರು. ಅವರ ಗಂಡುನಾಯಿಗೆ ಮುಂದಿನ ವಾರವೇ ಜೋಡಿ ಗೊತ್ತಾಗಿತ್ತಂತೆ. ಸ್ಕ್ಯಾನ್ ಆಗುವ ತನಕ ನಿಲ್ಲಿಸುತ್ತೇನೆ ಎಂದರು. ಆಮೇಲೆ, ಇಷ್ಟು ಕಾಳಜಿಯಿಂದ ಎಲ್ಲರಿಗೂ ತಿಳಿಸಲು ನಿಮಗೆ ಯಾರು ಹೇಳಿದರು ಎಂದು ಕೇಳಿದರು.

"ನಮ್ಮ ಅತ್ತಿಯವರು ಹೇಳ್ಯಾರ್ರಿ," ಎಂದೆ.

ನಿಜ ಹೇಳಿದೆನೋ ಸುಳ್ಳು ಹೇಳಿದೆನೋ ನನಗೆ ಇನ್ನೂ ತಿಳಿಯುತ್ತಿಲ್ಲ. ಉಳಿದವರಿಗೂ ಹಾಗೆಯೇ ಹೇಳುತ್ತೇನೆ.

ನಿಮ್ಮ ಸೊಸೆ
ಸುಮಾ