ಮೇಜಿನ ಮೇಲೆ ಹಿಡಿಸದ ನೀರಿನ ಟ್ಯಾಂಕು

ಡಿಪ್ಲೊಮಾ ಪರೀಕ್ಷಾ ವಿಭಾಗದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

‘ಅಳೆಯಲು ಕೂತವನಿಗೆ ಕಡಲು ಕಾಣದು’ ಎಂಬ ಸಾಲೊಂದನ್ನು ಎಂ.ಎ. ಓದುವಾಗ ಎಲ್ಲೋ ಕೇಳಿದ್ದೆ. ‘ಕೂತವನಿಗೆ’ ಎಂದಿತ್ತೋ ‘ಹೊರಟವನಿಗೆ’ ಎಂದಿತ್ತೋ ಈಗ ಸರಿಯಾಗಿ ನೆನಪಿಲ್ಲ. ಆಗ ಬಲು ಮೆಚ್ಚಿದ್ದೆ. ನನ್ನ ಮಗಳು ಇನ್‌ಸ್ಟ್ರುಮೆಂಟೇಶನ್ ಮತ್ತು ಕಂಟ್ರೋಲ್ ಡಿಪ್ಲೊಮಾಕ್ಕೆ ಸೇರಿದ ಮೇಲೆ ಆ ಸಾಲಿನ ಬಗ್ಗೆ ಅನುಮಾನ ಶುರುವಾಗಿದೆ. ಒತ್ತಡ, ಶಾಖ, ಹರಿವು, ಮಟ್ಟ ಇವುಗಳನ್ನು ಅಳೆಯುವುದು, ಅಳೆದದ್ದನ್ನು ಹದ್ದುಬಸ್ತಿನಲ್ಲಿ ಇಡುವುದು ಅವಳ ವಿದ್ಯೆ. ನಾವೆಲ್ಲ ದಿನಾ ಕುಡಿಯುವ ನೀರು ಮನೆಯಲ್ಲಿ ಮೊದಲು ಕಂಡದ್ದು ಅಳೆಯಲು ಕೂತ ಅವಳಿಗೇ. ಅಂಥವಳ ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟನ್ನು ನಿಮ್ಮ ಕಚೇರಿ ಕಣ್ಣೆತ್ತಿಯೂ ನೋಡದೆ ತಿರಸ್ಕರಿಸಿದೆ. ಪರೀಕ್ಷಾ ಕೊಠಡಿಯ ಮೇಜಿನ ಮೇಲೆ ಅದು ಹಿಡಿಸುವುದಿಲ್ಲವಂತೆ.

ಹಿಡಿಸುವುದಿಲ್ಲ, ಒಪ್ಪಿದೆ. ಅದು ನಮ್ಮ ಕಟ್ಟಡದ ಟೆರೇಸಿನ ಮೇಲಿರುವ ನೀರಿನ ಟ್ಯಾಂಕು.

ಆ ಟ್ಯಾಂಕಿನ ಪೂರ್ವಾಶ್ರಮ ನಿಮಗೆ ಗೊತ್ತಿರಲಿ. ಪಂಪು ಹಾಕುವ, ಆರಿಸುವ ಕೆಲಸಕ್ಕೆ ನಮ್ಮಲ್ಲಿ ಮನೆಗೊಂದು ಸರದಿ ಇತ್ತು. ಹಾಕುವುದು ಎಲ್ಲರಿಗೂ ನೆನಪಿರುತ್ತಿತ್ತು. ಮೇಲ್ಮನೆಯ ಮಾವ ಪಂದ್ಯ ನೋಡುತ್ತ ಮರೆತರೆ, ನಾನು ಪುಸ್ತಕ ಹಿಡಿದು ಮರೆಯುತ್ತಿದ್ದೆ. ತುಂಬಿ ಉಕ್ಕಿದ ನೀರು ಹಿತ್ತಲ ಕಡೆಯ ಪೈಪಿನಿಂದ ಸುರಿಯುತ್ತಿದ್ದುದು ನೇರವಾಗಿ ಕೆಳಮನೆಯ ಟೈಲರಕ್ಕನ ಬಟ್ಟೆ ಒಣಹಾಕುವ ಹಗ್ಗದ ಮೇಲೆ. ಹೊಲಿಯುವ ಮುಂಚೆ ನೆನೆಸಿ ಒಣಗಿಸಿದ ಲೈನಿಂಗ್ ಬಟ್ಟೆಯೆಲ್ಲ ಮತ್ತೆ ತೊಪ್ಪೆ. “ಏನ್ ಪುಸ್ತಕದಮ್ಮ, ಇವತ್ತು ನಿಮ್ ಸರದೀನಾ? ಮೊದಲೇ ಹೇಳಿದ್ರೆ ನಾನೂ ಸೋಪು ಹಿಡ್ಕೊಂಡು ಕೆಳಗೆ ನಿಂತ್ಕೋತಿದ್ನಲ್ಲ!” ಎಂದು ಅವರು ಹಿತ್ತಲಿನಿಂದ ಕೂಗಿದರೆ ಇಡೀ ಕಟ್ಟಡವೇ ನಗುತ್ತಿತ್ತು.

ಮಗಳು ಇದನ್ನೇ ಪ್ರಾಜೆಕ್ಟಾಗಿ ತೆಗೆದುಕೊಂಡಳು. ಮೊದಲ ದಿನದ ಫಜೀತಿಯನ್ನು ಮುಚ್ಚಿಡುವುದಿಲ್ಲ. ಟ್ಯಾಂಕಿನೊಳಗೆ ಒಂದು ತೇಲುಬುರುಡೆ ಬಿಟ್ಟು, ನೀರು ಇಂಥ ಗೆರೆ ಮುಟ್ಟಿದರೆ ಪಂಪು ನಿಲ್ಲಬೇಕು, ಗೆರೆಗಿಂತ ಇಳಿದರೆ ಓಡಬೇಕು ಎಂದು ವೈರು ಜೋಡಿಸಿದ್ದಳು. ಆದರೆ ನೀರು ಸುಮ್ಮನಿರುತ್ತದೆಯೇ? ಅಲೆಗೆ ಬುರುಡೆ ಕುಣಿಯಿತು, ಬುರುಡೆ ಕುಣಿದಂತೆಲ್ಲ ಪಂಪು ಹತ್ತಿತು, ಆರಿತು, ಹತ್ತಿತು, ಆರಿತು. “ನಿನ್ ಪಂಪಿಗೆ ಬಿಕ್ಕಳಿಕೆ ಬಂದಿದೆ ಕಣೇ, ಸ್ವಲ್ಪ ನೀರು ಕುಡಿಸು!” ಎಂದರು ಟೈಲರಕ್ಕ. ಹುಡುಗಿ ಮುಖ ಊದಿಸಿಕೊಂಡು ಕೂತಳು. ಆಮೇಲೆ ಬುರುಡೆಗೆ ಅಲೆ ತಾಕದಂತೆ ಅದನ್ನು ಅಗಲವಾದ ಪೈಪಿನೊಳಗೆ ಇಳಿಸಿದಳು. ಒಂದರ ಬದಲು ಎರಡು ಗೆರೆ ಇಟ್ಟಳು. ಮೇಲಿನ ಗೆರೆಗೆ ಬಂದರೆ ಪಂಪು ನಿಲ್ಲುವುದು, ಕೆಳಗಿನದಕ್ಕೆ ಇಳಿಯುವವರೆಗೆ ಮತ್ತೆ ಓಡದಿರುವುದು. “ಮಧ್ಯದಲ್ಲಿ ಒಂದಿಷ್ಟು ಜಾಗ ಬಿಡ್ಬೇಕಮ್ಮ, ಇಲ್ದಿದ್ರೆ ಯಾವ ಯಂತ್ರಕ್ಕೂ ನೆಮ್ಮದಿ ಇರಲ್ಲ” ಎಂದಳು. ಮನುಷ್ಯರ ವಿಷಯದಲ್ಲಿ ಇಷ್ಟು ತಿಳಿಯುವುದಕ್ಕೆ ನನಗೆ ಮದುವೆಯಾಗಿ ಎಷ್ಟೋ ವರ್ಷ ಹಿಡಿದಿತ್ತು.

ಅಂದಿನಿಂದ ಟ್ಯಾಂಕು ಒಮ್ಮೆಯೂ ಉಕ್ಕಿಲ್ಲ. ಟೈಲರಕ್ಕ ಸುಲಭಕ್ಕೆ ನಂಬುವವರಲ್ಲ. ಹಿತ್ತಲಿನ ಆ ಪೈಪಿನ ಕೆಳಗೆ ಮೊದಲು ನೆಲ ಒರೆಸುವ ಬಟ್ಟೆ ನೇತುಹಾಕಿ ನೋಡಿದರು. ಕೆಲವು ವಾರ ಕಳೆದ ಮೇಲೆ ತಮ್ಮ ಸ್ವಂತ ಬಟ್ಟೆಗಳು ಬಂದವು. ಗಿರಾಕಿಗಳ ಬಟ್ಟೆ ಮಾತ್ರ ಇವತ್ತಿಗೂ ಒಳಗಿನ ಕೋಣೆಯಲ್ಲೇ ಒಣಗುತ್ತದೆ. ಇದಕ್ಕಿಂತ ಕಟ್ಟುನಿಟ್ಟಾದ ಪರೀಕ್ಷೆ ನಿಮ್ಮ ಕಚೇರಿಯಲ್ಲಿದೆಯೇ?

ಮಗಳನ್ನು ಕರೆದುಕೊಂಡು ನಿಮ್ಮ ಕಚೇರಿಗೂ ಬಂದಿದ್ದೆ. ಕೌಂಟರಿನಲ್ಲಿದ್ದ ಗುಮಾಸ್ತರು ಒಳ್ಳೆಯವರು, ಕೂರಲು ಕುರ್ಚಿ ಕೊಟ್ಟರು.

“ಮಾಡೆಲ್ ಎಲ್ಲಮ್ಮ?”

“ಟೆರೇಸ್ ಮೇಲಿದೆ ಸರ್.”

“ಇಳಿಸ್ಕೊಂಡು ಬಾ.”

“ಅದ್ರಲ್ಲಿ ನೀರಿದೆ ಸರ್. ಇಡೀ ಬಿಲ್ಡಿಂಗಿಗೆ ಅದೇ.”

“ಖಾಲಿ ಮಾಡ್ಕೊಂಡು ಬಾ.”

“ಖಾಲಿ ಮಾಡಿದ್ರೆ ಏನ್ ತೋರ್ಸೋದು ಸರ್?”

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ತಂದೆಯ ಹಾಗೆ ಬುದ್ಧಿ ಹೇಳಿದರು: “ನೋಡು ಪುಟ್ಟಿ, ಅಂಗಡೀಲಿ ರೆಡಿ ಸಿಗುತ್ತೆ. ಡಬ್ಬ, ಬಲ್ಬು ಎಲ್ಲಾ ಸೇರಿ ಒಂದ್ ಸೆಟ್ಟು. ಡಬ್ಬ ತುಂಬಿದ್ರೆ ಬಲ್ಬು ಹತ್ತುತ್ತೆ. ಎಲ್ರೂ ಅದನ್ನೇ ತರೋದು. ನೀನೊಬ್ಳು ಯಾಕಮ್ಮ ಹಿಂಗೆ?”

ಮಾನ್ಯರೇ, ಎಷ್ಟು ಬ್ಯಾಚುಗಳಿಂದ ನಿಮ್ಮ ಮೇಜಿನ ಮೇಲೆ ಆ ಡಬ್ಬವೇ ತುಂಬುತ್ತಿದೆ? ಅಂಗಡಿಯವನು ಮಾಡಿದ್ದಕ್ಕೆ ಪಾಸು, ಹುಡುಗಿ ಮಾಡಿದ್ದಕ್ಕೆ ತಿರಸ್ಕಾರ, ಇದು ಯಾವ ತೂಕದ ನ್ಯಾಯ? ನಾಳೆ ಇದೇ ಹುಡುಗಿ ಹಾಲಿನ ಘಟಕವೊಂದರಲ್ಲಿ ಹಾಲಿನ ಬಿಸಿಯನ್ನು ಕಾಯುವವಳು. ತರಬೇತಿಗೆ ಅವಳನ್ನು ಆರಿಸಿಕೊಂಡಿದ್ದಾರೆ, ಈ ಸಲವೇ ಪಾಸಾಗಬೇಕೆಂಬ ಷರತ್ತಿದೆ. ಪ್ರಾಜೆಕ್ಟಿಗೆ ಅಂಕ ಬೀಳದಿದ್ದರೆ ಆ ಜಾಗ ಬೇರೆಯವರ ಪಾಲು. ಆ ಘಟಕದ ಹಾಲಿನ ಟ್ಯಾಂಕುಗಳನ್ನೂ ನಿಮ್ಮ ಮೇಜಿನ ಅಳತೆ ನೋಡಿಯೇ ಕಟ್ಟಿದ್ದಾರೆಯೇ? ಅವಳ ಮೇಷ್ಟರಂತೂ ಏದುಸಿರು ಬಿಡುತ್ತ ಟೆರೇಸು ಹತ್ತಿ, ಪಂಪು ತಾನೇ ನಿಂತದ್ದನ್ನು ನೋಡಿ ಚಪ್ಪಾಳೆ ತಟ್ಟಿಹೋಗಿದ್ದಾರೆ. ಆದರೆ ಅಂಕ ಕೊಡಬೇಕಾದವರು ನೀವು ನೇಮಿಸುವ ಹೊರಗಿನ ಪರೀಕ್ಷಕರು. ಅವರು ಮೇಜು ಬಿಟ್ಟು ಏಳುವಂತಿಲ್ಲವಂತೆ.

ಮಗಳ ಪಾಠದಲ್ಲಿ ಎರಡು ಬಗೆಯ ವ್ಯವಸ್ಥೆಗಳಿವೆ. ಆದೇಶ ಕೊಟ್ಟು, ಏನಾಯಿತೆಂದು ನೋಡಿ, ನೋಡಿದ್ದಕ್ಕೆ ತಕ್ಕಂತೆ ತಿದ್ದಿಕೊಳ್ಳುವುದು ಒಂದು. ಆದೇಶ ಕೊಟ್ಟು ಸುಮ್ಮನೆ ಕೂರುವುದು ಇನ್ನೊಂದು. ಮೊದಲನೆಯದರಲ್ಲಿ ಸುದ್ದಿ ವಾಪಸು ತರುವ ತಂತಿಯೊಂದು ಇರುತ್ತದೆ. ನಿಮ್ಮ ಕಚೇರಿಗೆ ಅದನ್ನು ಎಳೆಯಲು ಮರೆತಿದ್ದಾರೆ. ಈ ಪತ್ರವನ್ನೇ ಆ ತಂತಿ ಎಂದುಕೊಳ್ಳಿ.

ನನ್ನ ಬೇಡಿಕೆ ಇಷ್ಟೇ: ಫಲಿತಾಂಶ ಹೊರಡುವ ಮೊದಲು ಪರೀಕ್ಷಕರೊಬ್ಬರನ್ನು ನಮ್ಮ ಟೆರೇಸಿಗೆ ಕಳಿಸಿಕೊಡಿ. ಲಿಫ್ಟಿಲ್ಲ, ಮೆಟ್ಟಿಲಿದೆ. ಮೇಜು ಇಲ್ಲದೆ ಆಗುವುದೇ ಇಲ್ಲವೆಂದರೆ ನಮ್ಮ ಊಟದ ಮೇಜನ್ನೇ ಮೇಲಕ್ಕೆ ಹೊತ್ತು ಟ್ಯಾಂಕಿನ ಪಕ್ಕ ಹಾಕುತ್ತೇವೆ. ಅವರು ಬಂದು ನೋಡಿ, ಬೇಕಾದ್ದು ಕೇಳಿ, ಆಮೇಲೆ ಫೇಲು ಮಾಡಿದರೂ ನನ್ನ ತಕರಾರಿಲ್ಲ. ಅಂದಹಾಗೆ, ಆ ಹಳೆಯ ಸಾಲಿನ ಮೇಲಿದ್ದ ಅನುಮಾನವನ್ನು ವಾಪಸು ಪಡೆದಿದ್ದೇನೆ. ಅದು ನೀರನ್ನು ಅಳೆಯುವವರ ಬಗ್ಗೆ ಬರೆದದ್ದೇ ಅಲ್ಲ, ಮೇಜನ್ನು ಅಳೆಯುವವರ ಬಗ್ಗೆ ಬರೆದದ್ದು.

ಇಂತಿ,
ಎಂ.ಎ. ಮಾಡಿಯೂ ಪಂಪು ಆರಿಸಲು ಕಲಿಯದೆ, ಈಗ ಆ ಚಿಂತೆಯೇ ಇಲ್ಲದ
ಒಬ್ಬ ವಿದ್ಯಾರ್ಥಿನಿಯ ತಾಯಿ

ಮತ್ತೆ: ಪತ್ರ ಮಡಚುವಷ್ಟರಲ್ಲಿ ಟೈಲರಕ್ಕ ಬಾಗಿಲಿಗೆ ಬಂದರು. ಓದಿ ಹೇಳಿದೆ. ಬಾಗಿಲಿಗೆ ಒರಗಿಕೊಂಡೇ ಕೇಳಿದರು. ಆಮೇಲೆ ಕುತ್ತಿಗೆಯಲ್ಲಿದ್ದ ಅಳತೆ ಟೇಪನ್ನು ಸರಿಮಾಡಿಕೊಂಡು ಅಂದರು: “ಅವ್ರು ಬರೋ ದಿನ ಒಂಚೂರು ಮೊದಲೇ ಹೇಳಿ ಪುಸ್ತಕದಮ್ಮ. ಗಿರಾಕಿ ಒಬ್ರ ಮದುವೆ ಬಟ್ಟೆ ಬಂದಿದೆ. ಅದನ್ನ ಆ ಪೈಪಿನ ಕೆಳಗೇ ನೇತಾಕ್ತೀನಿ.”