ನಮ್ಮ ಚರ್ಚಿನ ಮೈಕಿನಲ್ಲಿ ನೀವು ಆಡಿಸಿದ ಮಾತು

ಮಾನ್ಯ ವಿಶೇಷಾಧಿಕಾರಿಗಳೇ,

ನೀವು ನನ್ನ ಬಾಯಿಂದ ಒಂದು ಇಡೀ ಊರಿಗೆ ಸುಳ್ಳು ಹೇಳಿಸಿದಿರಿ. ಕಳೆದ ಮಳೆಗಾಲದಲ್ಲಿ ಕಡಲತೀರದ ಕೊರೊನಾ ಪರೀಕ್ಷೆಯ ಹೊಣೆ ಹೊತ್ತು ನಮ್ಮ ಚೆರುಕಡವಿಗೆ ಬಂದಾಗ ನೀವು ಕೊಟ್ಟ ಮೂರು ಮಾತುಗಳನ್ನು ನಾನು ಚರ್ಚಿನ ಮೈಕಿನಲ್ಲಿ ಸಾರಿದೆ. ಮೂರನ್ನೂ ನೀವು ಮುರಿದಿರಿ. ಅದಕ್ಕಾಗಿ ನಿಮಗೆ ನೋಟಿಸು ಬರಲಿಲ್ಲ. ಶಾಲು ಬಂತು, ಹಾರ ಬಂತು, ‘ನೂರಕ್ಕೆ ನೂರು ಪರೀಕ್ಷೆ ಮುಗಿಸಿದ ಮಾದರಿ ತೀರ’ ಎಂಬ ತಲೆಬರಹದ ಕೆಳಗೆ ನಿಮ್ಮ ಫೋಟೋ ಬಂತು. ಆ ಫೋಟೋದಲ್ಲಿ ನಿಮ್ಮ ಬೆನ್ನ ಹಿಂದೆ ಕಾಣುವ ಬಿಳಿ ಗೋಡೆ ನಮ್ಮ ಚರ್ಚಿನದು. ಗೋಡೆಯ ಒಳಗೆ ಕೂತು ನಿಮ್ಮ ಪರವಾಗಿ ಮಾತಾಡಿದವನ ಗತಿ ಏನಾಯಿತೆಂದು ತಾವು ಒಮ್ಮೆಯೂ ವಿಚಾರಿಸಲಿಲ್ಲ. ನಿಮ್ಮ ಕಚೇರಿಗೆ ಬರೆದ ಪತ್ರಗಳಿಗೆ ಉತ್ತರ ಬರಲಿಲ್ಲ. ಆದ್ದರಿಂದ ಇದನ್ನು ಎಲ್ಲರೂ ಓದಲಿ ಎಂದೇ ಬರೆಯುತ್ತಿದ್ದೇನೆ.

ನಾನು ಸಿಲುವಯ್ಯನ್, ಇಲ್ಲಿನ ಕಪ್ಯಾರ್. ಗಂಟೆ ಹೊಡೆಯುವುದು, ಮೇಣದಬತ್ತಿ ಹಚ್ಚುವುದು, ಪಾದ್ರಿಗಳ ಪೂಜೆಗೆ ಅಣಿ ಮಾಡಿಕೊಡುವುದು ಕಪ್ಯಾರನ ಕೆಲಸವೆಂದು ನೀವು ತಿಳಿದಿದ್ದೀರಿ. ಅದು ಅರ್ಧ ಮಾತ್ರ. ಉಳಿದರ್ಧ ಗೋಪುರದ ಮೇಲೆ ಕಡಲಿಗೆ ಮುಖ ಮಾಡಿ ಕಟ್ಟಿರುವ ಧ್ವನಿವರ್ಧಕಗಳದ್ದು. ತಪ್ಪಿಸಿಕೊಂಡ ಮಗು, ಸಿಕ್ಕಿದ ಸರ, ಸೀಮೆಎಣ್ಣೆ ಹಂಚುವ ದಿನ, ಸಾವು, ಗಾಳಿ, ಯಾವುದೇ ಸುದ್ದಿಯಾಗಲಿ ಚೆರುಕಡವಿಗೆ ಅಲ್ಲಿಂದಲೇ ಕೇಳಬೇಕು. ಮತ ಕೇಳುವವರಿಗೆ ಆ ಮೈಕನ್ನು ನಾವು ಕೊಟ್ಟವರಲ್ಲ, ಚೀಟಿ ವ್ಯವಹಾರದವರಿಗೂ ಕೊಟ್ಟವರಲ್ಲ. ಆಕಾಶ ತೊಳೆದಿಟ್ಟ ಹಾಗಿದ್ದರೂ ಕಪ್ಯಾರ್ ಗಾಳಿ ಬರುತ್ತದೆ ಎಂದರೆ ದೋಣಿಯವರು ಗೊಣಗುತ್ತಲೇ ದೋಣಿಯನ್ನು ಮರಳಿನ ಮೇಲಕ್ಕೆ ಎಳೆಯುತ್ತಿದ್ದರು. ಗಾಳಿ ಬರದೆ ಒಂದು ದಿನದ ಮೀನು ಕೈತಪ್ಪಿದರೆ ಮರುದಿನ ಬೆಳಿಗ್ಗೆ ನನಗೆ ಪೂಜೆ. “ಏನ್ ಕಪ್ಯಾರಣ್ಣ, ನಿನ್ನ ಗಾಳಿ ಬಸ್ ತಪ್ಪಿಸ್ಕೊಂಡಿತಾ?” ಎಂದು ಕೇಳುವರು. ಆದರೆ ಮುಂದಿನ ಸಲ ಹೇಳಿದಾಗಲೂ ಎಳೆಯುತ್ತಿದ್ದರು. ನನ್ನ ಅಪ್ಪನ ಕಾಲದಿಂದ ಈ ಊರು ನಮಗೆ ಕೊಟ್ಟಿದ್ದ ಮರ್ಯಾದೆ ಅದೊಂದೇ, ಮಾನ್ಯರೇ.

ಆ ಮಳೆಗಾಲದಲ್ಲಿ ನಿಮ್ಮ ಮೊದಲ ತಂಡ ಬಂದಾಗ ಬೀದಿಯಲ್ಲಿ ನಾಯಿಗಳ ಹೊರತು ಯಾರೂ ಸಿಗಲಿಲ್ಲ. ಮೂಗಿಗೆ ಕಡ್ಡಿ ಹಾಕಿಸಿಕೊಂಡವರನ್ನು ಎತ್ತಿಕೊಂಡು ಹೋಗುತ್ತಾರೆ, ಊರಿಗೆ ಬೇಲಿ ಹಾಕುತ್ತಾರೆ ಎಂದು ಜನ ಹೆದರಿ ಬಾಗಿಲು ಹಾಕಿಕೊಂಡಿದ್ದರು. ಆಗ ತಾವೇ ಖುದ್ದಾಗಿ ಬಂದಿರಿ. ಪಾದ್ರಿಗಳು ಜ್ವರ ಬಂದು ಪಟ್ಟಣದಲ್ಲಿ ಉಳಿದಿದ್ದರು. ನಾನು ಕೊಟ್ಟ ಕರಿ ಚಹಾ ಕುಡಿಯುತ್ತ ನೀವು, “ಸಿಲುವಯ್ಯನ್, ನಾವು ಹೇಳಿದ್ರೆ ಇವ್ರು ಕೇಳಲ್ಲ. ನೀವು ಹೇಳಿದ್ರೆ ಕೇಳ್ತಾರೆ” ಎಂದಿರಿ.

“ಹೇಳೋಕೆ ಏನಂತೆ ಸಾರ್, ಹೇಳ್ತೀನಿ. ಆದ್ರೆ ಅವ್ರು ಕೇಳೋದಕ್ಕೆ ಉತ್ತರ ಬೇಕಲ್ಲ” ಎಂದೆ. ಪಾಸಿಟಿವ್ ಬಂದವರನ್ನು ಏನು ಮಾಡುತ್ತೀರಿ ಎಂದು ಕೇಳಿದೆ. ಮನೆಯಲ್ಲಿ ಬೇರೆ ಕೋಣೆ ಇದ್ದವರು ಮನೆಯಲ್ಲೇ ಇರಬಹುದು ಎಂದಿರಿ. ಹೆಸರು ಹೊರಗೆ ಬರುತ್ತದೆಯೇ ಎಂದೆ. “ಛೆ ಛೆ, ಅದೆಲ್ಲ ಗುಟ್ಟು” ಎಂದಿರಿ. ಮೀನು ಮಾರುವ ಹೆಂಗಸರು ಏನು ಮಾಡಬೇಕು ಎಂದೆ. ನೆಗೆಟಿವ್ ಚೀಟಿ ಇದ್ದವರನ್ನು ಸಂತೆಗೆ ಹೋಗದಂತೆ ಯಾರೂ ತಡೆಯುವುದಿಲ್ಲ ಎಂದಿರಿ. “ಇದನ್ನೇ ಹೇಳ್ಲಾ ಸಾರ್?” ಎಂದು ಮತ್ತೊಮ್ಮೆ ಕೇಳಿದೆ. “ಇದನ್ನೇ ಹೇಳಿ, ನನ್ನ ಹೆಸರಲ್ಲೇ ಹೇಳಿ” ಎಂದು ನನ್ನ ಭುಜ ತಟ್ಟಿದಿರಿ. ಅಂತರ ಕಾಯ್ದುಕೊಳ್ಳಬೇಕಾದ ಕಾಲದಲ್ಲಿ ಅಷ್ಟು ದೊಡ್ಡ ಅಧಿಕಾರಿ ಭುಜ ಮುಟ್ಟಿದರಲ್ಲ ಎಂದು ನಾನು ಉಬ್ಬಿಹೋದೆ.

ಸಾರಿದೆ. ಒಂದಕ್ಷರ ಸೇರಿಸಲಿಲ್ಲ, ಒಂದಕ್ಷರ ಬಿಡಲಿಲ್ಲ. ಮರುದಿನ ಬೆಳಿಗ್ಗೆ ಶಾಲೆಯ ಅಂಗಳದ ಶಾಮಿಯಾನಾ ಸಾಲಲಿಲ್ಲ, ಸರದಿ ಬಾವಿಯವರೆಗೆ ಹೋಯಿತು. ಮೊದಲು ನಾನು ಮೂಗು ಕೊಟ್ಟೆ. ನನ್ನ ಹಿಂದೆ ಫ್ಲೋರಿ ಅಕ್ಕ. ಪೇಟೆಯ ಸಂತೆಯಲ್ಲಿ ಹರೆಯದಿಂದಲೂ ಮೀನು ಮಾರಿದವಳು, ವಿಧವೆ, ನಾಲಿಗೆ ಚುರುಕು. ಕಡ್ಡಿ ಹಿಡಿದ ಹುಡುಗಿ ಮೈತುಂಬ ಪ್ಲಾಸ್ಟಿಕ್ ಉಡುಪು ತೊಟ್ಟು ಬೆವರಿನಲ್ಲಿ ಬೇಯುತ್ತಿದ್ದಳು. ಅವಳಿಗೆ ಫ್ಲೋರಿ ಅಕ್ಕ, “ಅಷ್ಟು ಒಳಗೆ ಗಾಳ ಬಿಡ್ತಿದ್ದೀಯಲ್ಲ ಮಗಳೇ, ಏನಾದ್ರೂ ಕಚ್ಚಿದ್ರೆ ನಂಗೇ ಕೊಡು, ಮಾರ್ಕೊಂಡ್ ಬರ್ತೀನಿ” ಎಂದಳು. ಸರದಿಯಲ್ಲಿ ನಗು ಎದ್ದಿತು. ಹೆದರಿ ಹಿಂದೆ ಸರಿಯುತ್ತಿದ್ದ ಗಂಡಸರೂ ನಾಚಿಕೊಂಡು ಮುಂದೆ ಬಂದರು. ಅವಳ ಮಗ ಪನಿಯಡಿಮ ಮಾತ್ರ ಬೇಲಿಯ ಆಚೆ ನಿಂತು, “ಅಮ್ಮಾ, ಇವ್ರ ಮಾತು ನಂಬಬೇಡ, ಮನೆಗೆ ಬಾ” ಎನ್ನುತ್ತಿದ್ದ. “ಇವ್ರ ಮಾತಲ್ಲ ಕಣೋ, ಸಿಲುವಯ್ಯನ್ ಹೇಳಿದ್ದು. ಬಂದು ನೀನೂ ನಿಂತ್ಕೋ” ಎಂದು ಅವಳು ಗದರಿಸಿದಳು. ಅವನೂ ಬಂದು ನಿಂತ.

ಫ್ಲೋರಿ ಅಕ್ಕನಿಗೆ ಪಾಸಿಟಿವ್ ಬಂತು. ಜ್ವರವಿಲ್ಲ, ಕೆಮ್ಮಿಲ್ಲ. ಮನೆಯ ಹಿಂಬದಿಯಲ್ಲಿ ಬೇರೆ ಕೋಣೆ, ಬೇರೆ ಶೌಚಾಲಯ ಎರಡೂ ಇವೆ. ಅವಳು ಆಗಲೇ ಚಾಪೆ, ತಟ್ಟೆ, ಜಪಸರ ಎತ್ತಿಕೊಂಡು ಆ ಕೋಣೆ ಸೇರಿದ್ದಳು. ಸಂಜೆ ಸೈರನ್ ಹಾಕಿಕೊಂಡು ಆಂಬುಲೆನ್ಸುಗಳು ಬಂದವು. ಅವುಗಳ ಹಿಂದೆ ಬಂದೂಕು ಹಿಡಿದ ಪೊಲೀಸರು. ಜ್ವರ ಹಿಡಿಯಲು ಬಂದೂಕು ಯಾಕೆ ಬೇಕಾಯಿತು ಎಂಬ ವೈದ್ಯಕೀಯ ರಹಸ್ಯವನ್ನು ತಾವೇ ತಿಳಿಸಬೇಕು. ಫ್ಲೋರಿ ಅಕ್ಕ ಒಣಗಲು ಹಾಕಿದ್ದ ಮೀನನ್ನು ಒಳಗಿಟ್ಟು ಬರುತ್ತೇನೆಂದಳು, ಬಿಡಲಿಲ್ಲ. ನಾನು ಓಡಿಹೋಗಿ, ಅಧಿಕಾರಿಗಳು ಮನೆಯಲ್ಲೇ ಇರಬಹುದು ಎಂದಿದ್ದಾರೆ ಎಂದು ಪೊಲೀಸರಿಗೆ ಹೇಳಿದೆ. “ಯಾವ ಅಧಿಕಾರಿ? ನಮಗೆ ಬಂದಿರೋ ಆರ್ಡರ್ ಬೇರೆ. ಪಕ್ಕಕ್ಕೆ ನಿಲ್ರಿ” ಎಂದರು. ವ್ಯಾನಿನ ಮೆಟ್ಟಿಲ ಮೇಲಿಂದ ಅವಳು ನನ್ನನ್ನು ತಿರುಗಿ ನೋಡಿದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ರಾತ್ರಿ ಕಳೆಯುವುದರೊಳಗೆ ಅವಳ ಹೆಸರು, ಮನೆ ನಂಬರು ಸಮೇತ, ಪೇಟೆಯ ಎಲ್ಲರ ಮೊಬೈಲಿನಲ್ಲಿತ್ತು. ಮೂರನೆಯ ಮಾತಿಗೂ ಅದೇ ಗತಿ. ರಸ್ತೆಗೆ ಅಡ್ಡಗಟ್ಟಿದಿರಿ, ನೆಗೆಟಿವ್ ಚೀಟಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟ ಹೆಂಗಸರನ್ನು ಲಾಠಿ ತೋರಿಸಿ ಹಿಂದಕ್ಕಟ್ಟಿದಿರಿ. ಕಾಲೇಜಿನ ಸಭಾಂಗಣದಲ್ಲಿ ಸಾಲು ಮಂಚಗಳ ನಡುವೆ ವಾರಗಟ್ಟಲೆ ಮಲಗಿ, ಗುಣವಾದಳೆಂದು ಬರೆಸಿಕೊಂಡು ಬಂದ ಫ್ಲೋರಿ ಅಕ್ಕನಿಗೆ ಸಂತೆಯಲ್ಲಿ ಅವಳ ಜಾಗ ಸಿಗಲಿಲ್ಲ. “ಚೆರುಕಡವಿನ ಮೀನು ಬೇಡಮ್ಮಾ, ಆಚೆ ಹೋಗು” ಎಂದರಂತೆ. ಯಾವ ರೋಗವೂ ಮಾಡದ್ದನ್ನು ಆ ಮಾತು ಮಾಡಿತು. ಬಾಯಿ ತುಂಬ ಮಾತಾಡುತ್ತಿದ್ದ ಹೆಂಗಸು ಮೂಲೆ ಹಿಡಿದಳು.

ನಾನು ನಿಮಗೆ ಫೋನ್ ಮಾಡಿದೆ, ನೆನಪಿದೆಯೇ? ನೀವು ಕೋಪಿಸಿಕೊಳ್ಳಲೂ ಇಲ್ಲ. ತುಂಬ ಮೃದುವಾಗಿ, “ಸಿಲುವಯ್ಯನ್, ಇದ್ದದ್ದು ಇದ್ದ ಹಾಗೆ ಹೇಳಿದ್ರೆ ಒಬ್ರಾದ್ರೂ ಬರ್ತಿದ್ರಾ? ಊರು ಉಳೀತಲ್ಲ, ಅದನ್ನ ನೋಡಿ” ಎಂದಿರಿ. ಆವತ್ತಿನಿಂದ ಆ ಪ್ರಶ್ನೆಯನ್ನು ಮಗ್ಗುಲು ಬದಲಿಸಿ ಬದಲಿಸಿ ಯೋಚಿಸಿದ್ದೇನೆ. ಪರೀಕ್ಷೆ ಬೇಕಿತ್ತು, ಒಪ್ಪಿದೆ. ಮನೆಯಲ್ಲಿ ಉಳಿಸಲಾಗದ ಪರಿಸ್ಥಿತಿ ಇತ್ತು ಎಂದರೆ ಅದನ್ನೂ ಒಪ್ಪುತ್ತೇನೆ, ನಾನು ಡಾಕ್ಟರಲ್ಲ. ಆದರೆ ಅದನ್ನೇ ಹೇಳಬಹುದಿತ್ತಲ್ಲ? “ಪಾಸಿಟಿವ್ ಬಂದವರನ್ನು ಕರೆದುಕೊಂಡು ಹೋಗುತ್ತಾರೆ, ಊಟ ಕೊಡುತ್ತಾರೆ, ಗುಣವಾದ ಮೇಲೆ ಬಿಡುತ್ತಾರೆ” ಎಂದು ಸಾರಿದ್ದರೆ ಮೊದಲ ದಿನ ಕಾಲುಭಾಗ ಜನ ಬರುತ್ತಿದ್ದರು. ನಾನು ಮನೆಮನೆಗೆ ಹೋಗಿ ಕಾಲು ಹಿಡಿದು ಉಳಿದವರನ್ನು ಕರೆತರುತ್ತಿದ್ದೆ. ಒಂದು ವಾರ ಹಿಡಿಯುತ್ತಿತ್ತು. ನಿಮಗೆ ಆ ವಾರ ಇರಲಿಲ್ಲ, ಪತ್ರಿಕೆಯವರು ಮರುದಿನವೇ ಬರುವವರಿದ್ದರು. ನಿಜ ಹೇಳಿದರೆ ಓಡಿಹೋಗುವ ದನಗಳು ಎಂದು ನಮ್ಮನ್ನು ಎಣಿಸಿದ ನೀವು, ನಂಬಿದ್ದಕ್ಕೆ ನಮ್ಮ ಕತ್ತು ಕೊಯ್ದಿರಿ. ಇದಕ್ಕೆ ಸಾರ್ವಜನಿಕ ಹಿತ ಎಂಬ ಹೆಸರೂ ಇದೆಯಂತೆ, ಸಂತೋಷ.

ಆಮೇಲೆ ನಾನು ಮೈಕ್ ಹಿಡಿದರೆ ಊರು ನಗುತ್ತಿತ್ತು. ರೇಷನ್ ಅಕ್ಕಿ ಬಂದಿದೆ ಎಂದು ಸಾರಿದರೆ, ಮೊದಲು ಒಬ್ಬ ಹುಡುಗನನ್ನು ಕಳಿಸಿ ನೋಡಿಕೊಂಡು ಬರುತ್ತಿದ್ದರು. ದೋಣಿಗಳ ಹತ್ತಿರ ಹೋದರೆ ಬಲೆ ಹೆಣೆಯುತ್ತಿದ್ದವರು ತಲೆ ಎತ್ತುತ್ತಿರಲಿಲ್ಲ. “ಜಾಗ ಬಿಡ್ರೋ, ಸರ್ಕಾರ ಬಂತು” ಎನ್ನುತ್ತಿದ್ದರು. ಪನಿಯಡಿಮ ಅಷ್ಟೂ ಅನ್ನಲಿಲ್ಲ. ನಾನು ಎತ್ತಿ ಆಡಿಸಿದ ಹುಡುಗ, ಎದುರಿಗೆ ನಿಂತು, “ಕಪ್ಯಾರಣ್ಣ, ಇನ್ಮೇಲೆ ಯಾರಾದ್ರೂ ಸತ್ರೆ ಹೇಳು, ಕೇಳ್ತೀನಿ. ಬೇರೇದಕ್ಕೆಲ್ಲ ನನ್ನ ಕರೀಬೇಡ” ಎಂದ. ನನಗೆ ಉರಿದುಹೋಯಿತು. ಆದರೆ ಅವನ ತಾಯಿ ಜಗಲಿಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದಳು.

ಕ್ರಿಸ್ಮಸ್ ಹತ್ತಿರ ಬಂದಾಗ, ತೀರದ ವಿಪತ್ತು ನಿರ್ವಹಣೆಯನ್ನೂ ನೋಡಿಕೊಳ್ಳುವ ನಿಮ್ಮದೇ ಕಚೇರಿಯಿಂದ ನನ್ನ ಫೋನಿಗೆ ಸಂದೇಶ ಬಂತು. ಗಾಳಿ ಬರಲಿದೆ, ಯಾರೂ ಕಡಲಿಗಿಳಿಯಬಾರದು, ಮೈಕಿನಲ್ಲಿ ಸಾರಿ ಎಂದು. ಮಧ್ಯಾಹ್ನ ಸಾರಿದೆ, ಸಂಜೆ ಸಾರಿದೆ, ಗಂಟಲು ಹರಿಯುವಂತೆ ಸಾರಿದೆ. ಆಕಾಶ ನಿರ್ಮಲವಾಗಿತ್ತು, ಮೀನು ಬಿದ್ದ ಸುದ್ದಿ ಪಕ್ಕದ ತೀರದಿಂದ ಬಂದಿತ್ತು. ಮರಳಿಗಿಳಿದು ಪನಿಯಡಿಮನ ದೋಣಿಗೆ ಅಡ್ಡ ನಿಂತೆ. “ಯಾರು ಕಳಿಸಿದ್ದು ಈ ಸುದ್ದಿ?” ಎಂದ. ನಿಮ್ಮ ಹೆಸರು ಹೇಳಿದೆ. ಅವನು ನಕ್ಕುಬಿಟ್ಟ. “ಹಾಗಾದ್ರೆ ಹೋಗೋದೇ ವಾಸಿ” ಎಂದು ನನ್ನ ಕೈ ಬಿಡಿಸಿಕೊಂಡ. ನಸುಕಿನಲ್ಲಿ ಮೂರು ದೋಣಿಗಳು ಹೊರಟವು. ಗಾಳಿ ನಿಮ್ಮ ಕಚೇರಿ ಹೇಳಿದ ಹೊತ್ತಿಗೇ ಬಂತು. ಎರಡು ದೋಣಿಗಳು ಹೇಗೋ ದಡ ಸೇರಿಕೊಂಡವು.

ಪನಿಯಡಿಮನ ದೇಹ ಕೆಲವು ದಿನಗಳ ಮೇಲೆ ದಕ್ಷಿಣದ ಒಂದು ತೀರಕ್ಕೆ ಬಂತು. ಶವಾಗಾರದವರು ಕೂಡಲೇ ಕೊಡಲಿಲ್ಲ. ಪರೀಕ್ಷೆ ಆಗಬೇಕು ಎಂದರು. ಕಡಲಿನಲ್ಲಿ ನೆಂದು ಊದಿದ ಆ ಮೂಗಿಗೂ ಕಡ್ಡಿ ಹಾಕಿದರು, ಮಾನ್ಯರೇ. ಫ್ಲೋರಿ ಅಕ್ಕ ಹೊರಗೆ ಸಿಮೆಂಟ್ ಬೆಂಚಿನ ಮೇಲೆ ಕೂತು ಫಲಿತಾಂಶಕ್ಕೆ ಕಾದಳು. ನೆಗೆಟಿವ್ ಎಂದು ಚೀಟಿ ಕೊಟ್ಟರು. ಅವಳು ಅದನ್ನು ಓದಿಸಿ ಕೇಳಿಕೊಂಡು, “ಹಾಗಾದ್ರೆ ಇವನನ್ನ ಮನೆಗೆ ಕರ್ಕೊಂಡ್ ಹೋಗ್ಬಹುದಾ? ದಾರೀಲಿ ಯಾರೂ ತಡೆಯಲ್ವಾ?” ಎಂದು ಕೇಳಿದಳು. ಅಲ್ಲಿದ್ದ ನೌಕರನಿಗೆ ಅವಳು ಯಾಕೆ ಹಾಗೆ ಕೇಳುತ್ತಿದ್ದಾಳೆಂದು ತಿಳಿಯಲಿಲ್ಲ. ನನಗೆ ತಿಳಿಯಿತು.

ಗಂಟೆ ಹೊಡೆದು ಅವನ ಸಾವನ್ನು ನಾನೇ ಸಾರಿದೆ. ಆವತ್ತು ಯಾರೂ ನಗಲಿಲ್ಲ, ಯಾರೂ ಹುಡುಗನನ್ನು ಕಳಿಸಿ ನೋಡಿಸಲಿಲ್ಲ. ತಿಂಗಳುಗಳ ಮೇಲೆ ಚೆರುಕಡವು ನನ್ನ ಮಾತನ್ನು ಹೇಳಿದ ಕೂಡಲೇ ನಂಬಿದ್ದು ಅದೊಂದೇ ಸಲ.

ಮಣ್ಣು ಮಾಡಿದ ಮೇಲೆ ಫ್ಲೋರಿ ಅಕ್ಕ ನನ್ನನ್ನು ಕರೆಸಿದಳು. ಬೈಯುತ್ತಾಳೆ, ಹೊಡೆಯುತ್ತಾಳೆ ಎಂದುಕೊಂಡು ಹೋದೆ. ಅವಳು ಮೆಲ್ಲಗೆ, “ಸಿಲುವಯ್ಯನ್, ಆ ಗಾಳಿ ವಿಷಯ ನಿಜ ಅಂತ ನಿಂಗೆ ಗೊತ್ತಿತ್ತಾ?” ಎಂದಳು. ಹೌದು ಎಂದುಬಿಡಬಹುದಿತ್ತು. “ಇಲ್ಲ ಅಕ್ಕ. ಅವ್ರು ಕಳಿಸಿದ್ರು, ನಾನು ಹೇಳಿದೆ” ಎಂದೆ. “ಪರೀಕ್ಷೆಗೆ ಕರೆದಾಗ್ಲೂ ಹಾಗೇನಾ?” ಎಂದಳು. “ಹಾಗೇ” ಎಂದೆ. “ಹಾಗಾದ್ರೆ ನನ್ ಮಗ ಯಾವುದನ್ನ ನಂಬಬೇಕಿತ್ತಪ್ಪಾ?” ಎಂದಳು.

ಈ ಪ್ರಶ್ನೆಯನ್ನು ನಿಮಗೆ ದಾಟಿಸುತ್ತಿದ್ದೇನೆ. ಈಸ್ಟರ್ ಕಳೆಯಿತು, ಇನ್ನೇನು ಮಳೆಗಾಲ. ನಿಮ್ಮ ಕಚೇರಿಯಿಂದ ಮತ್ತೆ ಗಾಳಿಯ ಸಂದೇಶಗಳು ಬರುತ್ತವೆ. ಓದದೆ ಇರಲು ನನಗೆ ಮನಸ್ಸು ಬಾರದು, ಓದಿದರೆ ಕೇಳುವವರಿಲ್ಲ. ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಪರಿಹಾರ ಬೇಡ, ತನಿಖೆ ಬೇಡ, ನಿಮ್ಮ ಶಾಲನ್ನು ಯಾರೂ ಕಿತ್ತುಕೊಳ್ಳುವುದಿಲ್ಲ. ದೋಣಿಗಳು ಇಳಿಯದ ಒಂದು ಭಾನುವಾರ ಇಲ್ಲಿಗೆ ಬನ್ನಿ. ಕೈಕೆಳಗಿನವರನ್ನು ಕಳಿಸಬೇಡಿ, ಪತ್ರ ಕಳಿಸಿ ನನ್ನಿಂದ ಓದಿಸಬೇಡಿ, ನಾನು ಓದುವುದಿಲ್ಲ. ನೀವೇ ಮೈಕಿನ ಮುಂದೆ ಕೂತು, ಆ ಮೂರು ಮಾತು ಕೊಟ್ಟವನು ನಾನು, ಉಳಿಸಿಕೊಳ್ಳುವುದಿಲ್ಲವೆಂದು ಗೊತ್ತಿದ್ದೇ ಕೊಟ್ಟೆ, ಆದರೆ ಗಾಳಿಯ ಮಾತು ನಿಜ, ಅದನ್ನು ದಯವಿಟ್ಟು ಕೇಳಿ ಎಂದು ನಿಮ್ಮ ಬಾಯಿಂದಲೇ ಹೇಳಿ. ಜನ ಬೈಯಬಹುದು. ಬೈಸಿಕೊಂಡು ಕೂತಿರಿ. ಆಮೇಲೆ ಕೆಳಗಿಳಿದು ಫ್ಲೋರಿ ಅಕ್ಕನ ಜಗಲಿಗೆ ಹೋಗಿ, ಅವಳು ನನ್ನನ್ನು ಕೇಳಿದ್ದಕ್ಕೆ ಉತ್ತರ ಕೊಡಿ. ದಾರಿ ನಾನು ತೋರಿಸುತ್ತೇನೆ.

ಇಂತಿ,
ತಮ್ಮ ಮಾತನ್ನು ತನ್ನದೆಂಬಂತೆ ಆಡಿ, ತನ್ನ ಮಾತನ್ನೇ ಕಳೆದುಕೊಂಡ
ಸಿಲುವಯ್ಯನ್
ಕಪ್ಯಾರ್, ಚೆರುಕಡವು
(ಈಗ ಸಾವಿನ ಸುದ್ದಿಗೆ ಮಾತ್ರ)